ಪಿಯಾನೋ ಹೊರುವವನ ಲೆಕ್ಕ

ಹಗ್ಗ ಆಮೇಲೆ ಬಿಚ್ಚು, ಲಾಶಾ,
ಮೊದಲು ಮೆಟ್ಟಿಲು ಎಣಿಸಿಕೊಂಡು ಬಾ.
ಮನೆ ಎಂಥದ್ದೆಂದು ಮನೆಯವರನ್ನು ಕೇಳಬೇಡ,
ಈ ತ್ಬಿಲಿಸಿಯಲ್ಲಿ ಎಲ್ಲರದೂ ಒಂದೇ ಮಾತು:
ಚಿಕ್ಕದು, ಆದರೆ ಬೆಳಕಿದೆ.
ಮೆಟ್ಟಿಲ ತಿರುವನ್ನು ಕೇಳು. ಬಾಗಿಲ ಚೌಕಟ್ಟನ್ನು ಕೇಳು.
ಇನ್ನೂರ ನಲವತ್ತು ಕಿಲೋ ಬೆನ್ನಿಗೆ ಬಿಗಿದಿರುವಾಗ
ಗೋಡೆ ನಿನ್ನ ಹತ್ತಿರ ಸುಳ್ಳಾಡುವುದಿಲ್ಲ.

ಸೊಲೊಲಾಕಿಯ ಹಳೇ ಅಂಗಳದ ಮನೆ ಇದೆಯಲ್ಲ,
ಬೀದಿಯಿಂದ ನೋಡಿದರೆ ಒಂದು, ಒಳಹೊಕ್ಕರೆ ಹದಿನಾಲ್ಕು ಒಲೆ.
ನಡುವೆ ಒಂದೇ ನಲ್ಲಿ, ಸುತ್ತಲೂ ಕಿರುಗುಡುವ ಮರದ ಬಾಲ್ಕನಿ,
ದ್ರಾಕ್ಷಿಬಳ್ಳಿಯೊಂದು ಬಾಡಿಗೆ ಕೊಡದೆ
ಮೂರನೇ ಮಹಡಿಯವರೆಗೆ ಹತ್ತಿ ಕೂತಿದೆ.
ಅಲ್ಲಿ ಪಿಯಾನೋವನ್ನು ಅಂಗಳಕ್ಕೆ ಅಂಗಳವೇ ಹೊರುತ್ತದೆ,
ಬಾಯಿಯಿಂದ.
ಎಡಕ್ಕೆ! ಎಂದಳು ಎತೇರಿ. ಬಲಕ್ಕೆ! ಎಂದಳು ಅವಳ ನಾದಿನಿ.
ಹತ್ತೊಂಬತ್ತು ವರ್ಷದಿಂದ ಮಾತು ಬಿಟ್ಟವರು
ಅವತ್ತು ನನ್ನ ಸೊಂಟದ ಮೇಲೆ ಜಗಳ ತೀರಿಸಿಕೊಂಡರು.

ಐದು ಮಹಡಿಯ ಸೋವಿಯತ್ ಪೆಟ್ಟಿಗೆಗಳದು ಬೇರೆ ಜಾತಿ.
ಲಿಫ್ಟಿಲ್ಲ.
ಅಡುಗೆಮನೆಯಲ್ಲಿ ಒಬ್ಬಳು ತಿರುಗಬೇಕಾದರೆ
ಇನ್ನೊಬ್ಬಳು ಉಸಿರು ಒಳಗೆಳೆದುಕೊಳ್ಳಬೇಕು.
ಆಚೆ ಮನೆಯವನು ಸೀನಿದರೆ
ಈಚೆ ಮನೆಯಿಂದ, ನೂರು ವರ್ಷ ಬಾಳಪ್ಪ.

ಗ್ಲ್ದಾನಿಯ ಹದಿನಾರು ಮಹಡಿಯಲ್ಲಿ ಲಿಫ್ಟೇನೋ ಇದೆ,
ನಾಣ್ಯ ನುಂಗಿದ ಮೇಲೇ ಮೇಲೇಳುತ್ತದೆ.
ಅದರೊಳಗೆ ಸ್ಟೂಲು ಹಿಡಿಯಿತು.
ಸ್ಟೂಲು ತನ್ನ ಪಾಡಿಗೆ ಹನ್ನೊಂದಕ್ಕೆ ಹೋಯಿತು,
ನಾವು ಪಿಯಾನೋ ಸಮೇತ ನಡೆದೆವು.

ಇನ್ನೊಂದಿದೆ, ಅದಕ್ಕೆ ಹೆಸರೇ ಇಲ್ಲ.
ಕರೆಂಟೂ ಕಾನೂನೂ ಒಟ್ಟಿಗೆ ಹೋಗಿದ್ದ ವರ್ಷಗಳಲ್ಲಿ
ಜನ ಕಬ್ಬಿಣದ ಕಂಬ ನೆಟ್ಟು
ಕಿಟಕಿಯಾಚೆ ಗಾಳಿಯಲ್ಲಿ ಒಂದೊಂದು ಕೋಣೆ ಕಟ್ಟಿದರು.
ಮಗನ ಮದುವೆಗೊಂದು, ಅತ್ತೆಗೊಂದು,
ಮನೆಗೇ ಬಸಿರಾದ ಹಾಗೆ.
ನಾತೆಲಾಳದು ಅಂಥದ್ದು.
ಪಿಯಾನೋ ಮಾರಿದ್ದೇವೆ, ಇಳಿಸಿಕೊಡಿ ಎಂದು ಫೋನು.
ಹೋಗಿ ಅಳೆದೆ. ಬಾಗಿಲು ಅರವತ್ತೆಂಟು ಸೆಂಟಿಮೀಟರ್.
ಮತ್ತೆ ಅಳೆದೆ. ಇದು ಒಳಗೆ ಬಂದದ್ದಾದರೂ ಹೇಗೆ?
ಬಂದ ದಾರಿ ಈಗ ಅಡುಗೆಮನೆ,
ಅವಳ ಈರುಳ್ಳಿ ಬುಟ್ಟಿ ತೂಗುತ್ತಿರುವ ಗೋಡೆ.
ಮಗ ಫೋನಿನಲ್ಲಿ ಕೊಳ್ಳುವವನ ಜೊತೆ ಇನ್ನೂ ಚೌಕಾಸಿ ಮಾಡುತ್ತಿದ್ದ.
ಆಗುವುದಿಲ್ಲ ತಾನೆ? ಎಂದಳು ಮೆಲ್ಲಗೆ.
ಕಪ್ಪುಗಳು ಆಗಲೇ ಮೇಜಿನ ಮೇಲಿದ್ದವು. ಮೂರು.
ಅಳತೆ ಅವಳಿಗೆ ನಮಗಿಂತ ಮೊದಲೇ ಗೊತ್ತಿತ್ತು.

ನನ್ನದು ಯಾವ ಜಾತಿ ಅಂತೀಯಾ?
ನನ್ನದು ಹಳೇ ಆಸ್ಪತ್ರೆ, ಎರಡನೇ ಮಹಡಿ, ಕಿವಿ-ಮೂಗಿನ ವಾರ್ಡು.
ಸುಖುಮಿಯಿಂದ ಓಡಿಬಂದಾಗ ಎರಡು ವಾರಕ್ಕೆಂದು ಕೊಟ್ಟರು,
ಬೀಗದ ಕೈ ಇನ್ನೂ ನನ್ನ ಹತ್ತಿರವೇ ಇದೆ,
ಮಗಳು ಅಲ್ಲೇ ಹುಟ್ಟಿ ಅಲ್ಲಿಂದಲೇ ಗಂಡನ ಮನೆಗೆ ಹೋದಳು.
ಗೋಡೆಗೆ ಸೊಂಟದವರೆಗೆ ಹಸಿರು ಎಣ್ಣೆಬಣ್ಣ,
ಎಷ್ಟು ಸುಣ್ಣ ಬಳಿದರೂ ಇಣುಕುತ್ತದೆ.
ಆದರೆ ಬಾಗಿಲು, ಲಾಶಾ! ಸ್ಟ್ರೆಚರ್ ತಿರುಗಲೆಂದು ಇಟ್ಟ ಬಾಗಿಲು.
ಬೇಕಾದರೆ ಗ್ರ್ಯಾಂಡ್ ಪಿಯಾನೋವನ್ನೇ ಒಳಗೆ ತಳ್ಳಿಕೊಂಡು ಹೋಗು,
ಒಂದು ಗೀರು ಬೀಳುವುದಿಲ್ಲ.
ಈ ಊರಲ್ಲಿ ನಾನು ಕಂಡ ಬಾಗಿಲುಗಳಲ್ಲೆಲ್ಲ ಅದೇ ಒಳ್ಳೆಯದು,
ಅದರೊಳಗೆ ಎರಡು ಮಂಚ, ಒಂದು ಫ್ರಿಜ್ಜು.

ಸುಖುಮಿಯದು ಬಿಡಿಮನೆ. ಸುತ್ತ ಬೇಲಿ, ನಮ್ಮದೇ ಗೇಟು.
ತಂಗಿಯ ಪಿಯಾನೋ ಮುಂದಿನ ಕೋಣೆಯಲ್ಲೇ ಇತ್ತು.
ಮೆಟ್ಟಿಲು ಎರಡೇ ಎರಡು.
ಅದೊಂದನ್ನು ಹೊರಲಿಲ್ಲ.

ಆಯಿತು, ಪಟ್ಟಿ ಬಿಗಿ. ಮೊಣಕಾಲು ಮಡಿಸು, ಬೆನ್ನಲ್ಲ.
ಎಷ್ಟು ಮೆಟ್ಟಿಲು ಅಂದೆ?